ಬಿಸಿ ಎಲ್ಲಿ ಸೋರಿಹೋಯಿತು? 1971ರ ವ್ಯಾನೊಂದರ ಹೀಟರ್ ರಿಪೇರಿ

ಗಾಡಿ 1971ರ ಫೋಕ್ಸ್‌ವ್ಯಾಗನ್ ಟೈಪ್ 2. ಮುಂದಿನ ಗಾಜು ಒಂದೇ ದೊಡ್ಡ ಬಾಗಿದ ತುಂಡಾಗಿರುವ, 'ಬೇ ವಿಂಡೋ' ಎಂದು ಎಲ್ಲರೂ ಕರೆಯುವ ಮಾದರಿ. ಜರ್ಮನಿಯಲ್ಲಿ ಇದನ್ನು 1967ರಿಂದ 1979ರವರೆಗೆ ತಯಾರಿಸಿದರು. ಹಿಂದುಗಡೆ 1600 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ನೀರಿಲ್ಲ, ರೇಡಿಯೇಟರ್ ಇಲ್ಲ, ಎಲ್ಲವೂ ಗಾಳಿಯಿಂದಲೇ ತಣ್ಣಗಾಗಬೇಕು.

ಯಜಮಾನರ ದೂರು ಮೂರು ಥರ ಇತ್ತು. ಹೀಟರ್ ಲಿವರ್ ಎಷ್ಟು ಎಳೆದರೂ ಕಾಲಿಗೆ ಬಿಸಿ ಬರುವುದಿಲ್ಲ. ಮಳೆಯಲ್ಲಿ, ಚಳಿಯಲ್ಲಿ ಮುಂದಿನ ಗಾಜು ಮಂಜು ಕಟ್ಟುತ್ತದೆ, ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಬಟ್ಟೆ. ಮೂರನೆಯದನ್ನು ಅವರು ಕೊನೆಗೆ, ಸಣ್ಣ ವಿಷಯ ಎಂಬಂತೆ ಹೇಳಿದರು: "ದೂರ ಓಡಿಸಿದ್ರೆ ಸ್ವಲ್ಪ ತಲೆನೋವು ಬರುತ್ತೆ ಸರ್, ಪೆಟ್ರೋಲ್ ವಾಸನೆಗೆ ಇರಬೇಕು." ಹಿಂದೆ ನೋಡಿದ ಗ್ಯಾರೇಜಿನವರು "ಈ ಗಾಡಿಗಳ ಹೀಟರ್ ಇರೋದೇ ಹೀಗೆ, ಸುಮ್ನೆ ಒಂದು ಡೀಸೆಲ್ ಹೀಟರ್ ಹಾಕಿಸಿಬಿಡಿ" ಅಂದಿದ್ದರಂತೆ. ಡೀಸೆಲ್ ಉರಿಸಿ ಬಿಸಿ ಕೊಡುವ ಆ ಬೇರೆ ಹೀಟರನ್ನು ಕೊಳ್ಳಬೇಕೋ ಬೇಡವೋ ಎಂದು ಕೇಳುವುದಕ್ಕೇ ಇವರು ಬಂದದ್ದು.

ನನ್ನ ಮಟ್ಟಿಗೆ ಮೊದಲೆರಡು ದೂರು ಕಾಯಬಹುದಿತ್ತು. ಮೂರನೆಯದು ಕಾಯುವಂಥದ್ದಲ್ಲ. ಗಾಡಿಯನ್ನು ಅವತ್ತೇ ನಿಲ್ಲಿಸಿ ಎಂದೆ.

ತಲೆನೋವಿಗೆ ಯಾಕೆ ಹೆದರಬೇಕು?

ಈ ವ್ಯಾನಿನ ಹೀಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದರೆ ಇದಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ. ಇದರಲ್ಲಿ ಹೀಟರ್ ಎಂದು ಕರೆಯುವ ಬೇರೆ ಯಂತ್ರವೇ ಇಲ್ಲ. ಕರೆಂಟ್ ಹುಟ್ಟಿಸುವ ಡೈನಮೋದ ಶಾಫ್ಟಿಗೇ ಒಂದು ದೊಡ್ಡ ಫ್ಯಾನ್ ಕೂರಿಸಿದ್ದಾರೆ. ಬೆಲ್ಟ್ ತಿರುಗಿದರೆ ಡೈನಮೋ ತಿರುಗುತ್ತದೆ, ಜೊತೆಗೆ ಫ್ಯಾನ್ ಕೂಡ. ಅದು ಎಳೆದುಕೊಳ್ಳುವ ಗಾಳಿಯಲ್ಲಿ ಹೆಚ್ಚಿನ ಪಾಲು ಸಿಲಿಂಡರ್‌ಗಳ ಮೇಲೆ ಹೋಗುತ್ತದೆ. ಸ್ವಲ್ಪ ಪಾಲು ಮಾತ್ರ ಫ್ಯಾನ್ ಹೌಸಿಂಗಿನ, ಅಂದರೆ ಫ್ಯಾನ್ ಕೂತಿರುವ ತಗಡಿನ ಗೂಡಿನ, ಎಡಬಲದ ಎರಡು ಬಾಯಿಗಳಿಂದ ಹೋಸ್ ಪೈಪ್‌ಗಳ ಮೂಲಕ ಕೆಳಗೆ ಇಳಿಯುತ್ತದೆ. ಕೆಳಗೆ ಎಂಜಿನ್ನಿನ ಎರಡೂ ಪಕ್ಕದಲ್ಲಿ ಒಂದೊಂದು ತಗಡಿನ ಪೆಟ್ಟಿಗೆ ಇದೆ. ಇದಕ್ಕೆ ಹೀಟರ್ ಬಾಕ್ಸ್ ಅನ್ನೋಣ. ಪೆಟ್ಟಿಗೆಯ ಒಳಗೆ ಸೈಲೆನ್ಸರ್‌ಗೆ ಹೋಗುವ ಹೊಗೆ ಕೊಳವೆ ಹಾದುಹೋಗುತ್ತದೆ, ಅದರ ಮೈತುಂಬ ಅಲ್ಯೂಮಿನಿಯಂ ರೆಕ್ಕೆಗಳು. ಫ್ಯಾನಿನ ಗಾಳಿ ಈ ರೆಕ್ಕೆಗಳ ನಡುವೆ ನುಗ್ಗಿ, ಬಿಸಿಯಾಗಿ, ಗಾಡಿಯ ಹೊಟ್ಟೆಯಡಿಯ ಉದ್ದ ಕೊಳವೆಯಲ್ಲಿ ಮುಂದಕ್ಕೆ ಬಂದು, ಕಾಲ ಬುಡದಲ್ಲೋ ಗಾಜಿನ ಬುಡದಲ್ಲೋ ಹೊರಗೆ ಬರುತ್ತದೆ.

ಅಂದರೆ ನಾವು ಉಸಿರಾಡುವ ಗಾಳಿಗೂ ಎಂಜಿನ್ನಿನ ಹೊಗೆಗೂ ನಡುವೆ ಇರುವುದು ಒಂದು ಲೋಹದ ಗೋಡೆ ಮಾತ್ರ. ಆ ಗೋಡೆಯಲ್ಲಿ ತೂತು ಬಿದ್ದರೆ ಹೊಗೆ ನೇರವಾಗಿ ಕ್ಯಾಬಿನ್ನಿಗೆ ಬರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ವಾಂತಿ ಬಂದಂತಾಗುವುದು, ಇವೇ ಅದರ ಮೊದಲ ಲಕ್ಷಣಗಳು. ಓಡಿಸುವವರಿಗೆ ಇದು ಸುಸ್ತು ಅನ್ನಿಸುತ್ತದೆ, ಕಿಟಕಿ ತೆರೆದರೆ ಸರಿಹೋಗುತ್ತದೆ, ಮರೆತೂ ಹೋಗುತ್ತದೆ. ಅದಕ್ಕೇ ಅದು ಅಪಾಯ.

ಎಂಜಿನ್ ಸ್ಟಾರ್ಟ್ ಮಾಡಿ, ಬಿಸಿಯಾಗಲು ಬಿಟ್ಟು, ಹೀಟರ್ ಲಿವರ್ ಪೂರ್ತಿ ತೆರೆದು, ಗಾಜಿನ ಬುಡದ ಕಿಂಡಿಯ ಬಳಿ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಮೀಟರ್ ಹಿಡಿದೆವು. ಒಂದೊಂದೇ ಅಂಕಿ ಮೇಲೇರಿತು, ಎರಡಂಕಿಗೆ ಬಂತು, ಇಳಿಯಲಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು. ಗೋಡೆಗೆ ಹಾಕುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಗಾಡಿಯಲ್ಲಿ ಇದ್ದಮಾತ್ರಕ್ಕೆ ಎಲ್ಲ ಸರಿ ಎಂದುಕೊಳ್ಳಬೇಡಿ. ಯುರೋಪಿನ ಇಎನ್ 50291 ಮಾನದಂಡದ ಪ್ರಕಾರ 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 50 ಪಾಲು) ಇದ್ದಾಗ ಅಲಾರಂ 60ರಿಂದ 90 ನಿಮಿಷದೊಳಗೆ ಕೂಗಬೇಕು. 30 ಪಿಪಿಎಂ ಇದ್ದರೆ ಎರಡು ಗಂಟೆಯವರೆಗೆ ಕೂಗಲೇಬಾರದು. ಜೀವ ಉಳಿಸಲು ಅಷ್ಟು ಸಾಕು, ಅದು ಬೇಕೇಬೇಕು. ಆದರೆ ಸೋರಿಕೆ ಹುಡುಕಲು ಬೇಕಾದದ್ದು ಅಂಕಿ ತೋರಿಸುವ ಮೀಟರ್. ಇವರ ಗಾಡಿಯಲ್ಲಿ ಅಲಾರಂ ಇತ್ತು, ಒಮ್ಮೆಯೂ ಕೂಗಿರಲಿಲ್ಲ.

ಫ್ಯಾನಿನಿಂದ ಶುರು

ಹೀಟರ್ ದೂರು ಬಂದಾಗ ಬಹಳ ಮಂದಿ ಡ್ಯಾಶ್‌ಬೋರ್ಡಿನಿಂದ ಹುಡುಕಲು ಶುರುಮಾಡುತ್ತಾರೆ. ಅಲ್ಲಿ ಹರಿದ ಫೋಮ್, ಕಿತ್ತುಹೋದ ಹೋಸ್ ಏನಾದರೂ ಸಿಕ್ಕೇ ಸಿಗುತ್ತದೆ. ಅದನ್ನು ಸರಿಮಾಡಿ ನಿಲ್ಲಿಸುತ್ತಾರೆ. ಐವತ್ತು ವರ್ಷದ ಗಾಡಿಯಲ್ಲಿ ತಪ್ಪು ಒಂದೇ ಕಡೆ ಇರುವುದಿಲ್ಲ. ಗಾಳಿ ಹುಟ್ಟುವ ಕಡೆಯಿಂದ, ಅಂದರೆ ಫ್ಯಾನಿನಿಂದ, ಅದು ಸಾಗುವ ದಾರಿಯಲ್ಲೇ ಹೋಗಬೇಕು. ಬಿಸಿ ಎಷ್ಟಿದೆ ಎನ್ನುವುದು ಆಮೇಲಿನ ಮಾತು. ಗಾಳಿಯೇ ಬಾರದಿದ್ದರೆ ಬಿಸಿಯನ್ನು ಹೊತ್ತು ತರುವವರು ಯಾರು?

ಈ ಗಾಡಿಯ ಎಂಜಿನ್ ಕೋಣೆಯ ಮುಚ್ಚಳ ತೆಗೆದಾಗಲೇ ಅರ್ಧ ಕಥೆ ಕಣ್ಣಿಗೆ ಬಿತ್ತು. ಫ್ಯಾನ್ ಹೌಸಿಂಗಿನ ಬಲಗಡೆಯ ಬಾಯಿಗೆ ಒಂದು ತಗಡಿನ ತುಂಡು ಕೊಟ್ಟು ಕ್ಲಾಂಪ್ ಬಿಗಿದಿದ್ದರು. ಹೋಸ್ ಇರಲೇ ಇಲ್ಲ. ಎಡಗಡೆಯದು ಇನ್ನೂ ಕೆಟ್ಟದಾಗಿತ್ತು. ಬಾಯಿ ತೆರೆದೇ ಇತ್ತು, ಹೋಸ್ ಅರ್ಧ ಹರಿದು ಕೆಳಗೆ ನೇತಾಡುತ್ತಿತ್ತು. ಇದರಿಂದ ಹೀಟರ್‌ಗೆ ಗಾಳಿ ಹೋಗದಿರುವುದು ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು. ಸಿಲಿಂಡರ್‌ಗಳಿಗೆ ಹೋಗಬೇಕಾದ ಗಾಳಿ ಆ ತೂತಿನಿಂದ ಎಂಜಿನ್ ಕೋಣೆಗೇ ವಾಪಸ್ ಸುರಿಯುತ್ತಿತ್ತು. ಚಳಿಗಾಲದಲ್ಲಿ ಕಾಲು ತಣ್ಣಗೆ, ಬೇಸಿಗೆಯಲ್ಲಿ ಎಂಜಿನ್ ಕಾದ ಕಬ್ಬಿಣ. ಯಜಮಾನರಿಗೆ ಬೇಸಿಗೆಯ ತೊಂದರೆಯೂ ಗೊತ್ತಿತ್ತು, ಆದರೆ ಎರಡಕ್ಕೂ ಕಾರಣ ಒಂದೇ ಎಂದು ಅನಿಸಿರಲಿಲ್ಲ.

ಎಂಜಿನ್ ಕೋಣೆಯ ಸುತ್ತಲಿನ ರಬ್ಬರ್ ಸೀಲ್ ಕೂಡ ಕೆಲವು ಕಡೆ ಮಾಯವಾಗಿತ್ತು. ಇದನ್ನು ಜನ ಸದ್ದು ತಡೆಯುವ ರಬ್ಬರ್ ಎಂದುಕೊಂಡು ಬಿಟ್ಟುಬಿಡುತ್ತಾರೆ. ಅದರ ನಿಜವಾದ ಕೆಲಸ ಮೇಲಿನ ತಂಪು ಗಾಳಿಯನ್ನು ಕೆಳಗಿನ ಬಿಸಿ ಗಾಳಿಯಿಂದ, ಹೊಗೆಯಿಂದ ಬೇರೆ ಇಡುವುದು. ಎಂಜಿನ್ನಿನ ಸುತ್ತಲಿನ ತಗಡುಗಳು ಮತ್ತು ಈ ಸೀಲ್ ಸೇರಿ ಒಂದು ಮಹಡಿಯ ಥರ. ಮಹಡಿಯಲ್ಲಿ ತೂತಿದ್ದರೆ ಸೈಲೆನ್ಸರ್ ಜಾಯಿಂಟಿನ ಸಣ್ಣ ಸೋರಿಕೆಯೂ ಮೇಲಕ್ಕೆ ಬಂದು, ಫ್ಯಾನಿಗೆ ಸಿಕ್ಕಿ, ಹೀಟರ್ ದಾರಿಯಲ್ಲೇ ಕ್ಯಾಬಿನ್ನಿಗೆ ಹೋಗುತ್ತದೆ. ಹೀಟರ್ ಬಾಕ್ಸಿನೊಳಗೆ ತೂತಿಲ್ಲದಿದ್ದರೂ ಕಾರ್ಬನ್ ಮಾನಾಕ್ಸೈಡ್ ಬರುವ ಎರಡನೇ ದಾರಿ ಇದು. ತುಂಬಾ ಮಂದಿ ಇದನ್ನು ನೋಡುವುದೇ ಇಲ್ಲ. ಎಂಜಿನ್ನಿನಿಂದ ಆಯಿಲ್ ಸೋರಿ ಬಿಸಿ ಕೊಳವೆಯ ಮೇಲೆ ಬಿದ್ದರೆ ಬರುವ ವಾಸನೆಯೂ ಇದೇ ದಾರಿ ಹಿಡಿಯುತ್ತದೆ.

ಇನ್ನೊಂದು ಕೊರತೆ ಥರ್ಮೋಸ್ಟಾಟ್. ಬಲಗಡೆ ಸಿಲಿಂಡರ್‌ಗಳ ಕೆಳಗೆ ಹಿತ್ತಾಳೆ ಬಣ್ಣದ ಸುಕ್ಕುಸುಕ್ಕಾದ ಸಣ್ಣ ಡಬ್ಬಿ ಇರಬೇಕು. ಸುತ್ತಲಿನ ಗಾಳಿ 65ರಿಂದ 70 ಡಿಗ್ರಿಗೆ ಬಂದಾಗ ಅದು ಹಿಗ್ಗಿ, ಒಂದು ಕಡ್ಡಿಯನ್ನು ತಳ್ಳಿ, ಫ್ಯಾನ್ ಹೌಸಿಂಗಿನೊಳಗಿನ ತಗಡಿನ ಬಾಗಿಲುಗಳನ್ನು ತೆರೆಯುತ್ತದೆ. ಅಲ್ಲಿಯವರೆಗೆ ಬಾಗಿಲು ಮುಚ್ಚಿದ್ದು ಎಂಜಿನ್ ಬೇಗ ಬಿಸಿಯಾಗುತ್ತದೆ. ಇಲ್ಲಿ ಡಬ್ಬಿಯೂ ಇಲ್ಲ, ಕಡ್ಡಿಯೂ ಇಲ್ಲ. ಬಾಗಿಲುಗಳನ್ನು ತಂತಿಯಲ್ಲಿ ಕಟ್ಟಿ ತೆರೆದಿಟ್ಟಿದ್ದರು. "ಥರ್ಮೋಸ್ಟಾಟ್ ಕೆಟ್ಟರೆ ಎಂಜಿನ್ ಸುಟ್ಟುಹೋಗುತ್ತೆ, ಅದಕ್ಕೇ ತೆಗೆದುಬಿಡೋದು" ಎಂಬ ಮಾತು ಎಲ್ಲ ಕಡೆ ಕೇಳುತ್ತೇವೆ. ಈ ಡಬ್ಬಿಯ ವಿಷಯದಲ್ಲಿ ಅದು ಉಲ್ಟಾ. ಅದು ಒಡೆದು ಸೋರಿದರೆ ಹಿಗ್ಗಿದ ಸ್ಥಿತಿಯಲ್ಲೇ ನಿಲ್ಲುತ್ತದೆ, ಬಾಗಿಲು ತೆರೆದೇ ಇರುತ್ತದೆ. ಕೆಟ್ಟರೂ ಎಂಜಿನ್ನಿಗೆ ತೊಂದರೆಯಾಗದಂತೆ ಯೋಚಿಸಿಯೇ ಮಾಡಿದ್ದಾರೆ.

ಒಂದು ಕಡೆ ಹರಿದರೆ ಎರಡೂ ಕಡೆ ಹೋಯಿತು

ಗಾಡಿಯನ್ನು ಎತ್ತಿ ಕೆಳಗೆ ನೋಡಿದಾಗ ಸಿಕ್ಕಿದ್ದು ಈ ಇಡೀ ಕೆಲಸದಲ್ಲೇ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ ಭಾಗ.

ಹೀಟರ್ ಬಾಕ್ಸಿನ ಮುಂದಿನ ತುದಿಯಲ್ಲಿ ತಗಡಿನ ಬಾಗಿಲೊಂದಿದೆ. ಕ್ಯಾಬಿನ್ನಿನ ಲಿವರ್‌ನಿಂದ ಬರುವ ಕೇಬಲ್ ಇದನ್ನು ಎಳೆಯುತ್ತದೆ. ಬಾಗಿಲು ತೆರೆದರೆ ಬಿಸಿ ಗಾಳಿ ಮುಂದಕ್ಕೆ, ಮುಚ್ಚಿದರೆ ಕೆಳಗೆ ನೆಲದ ಕಡೆಗೆ. ಗಾಳಿ ಯಾವಾಗಲೂ ಓಡುತ್ತಲೇ ಇರುತ್ತದೆ, ನಾವು ದಾರಿ ಬದಲಿಸುತ್ತೇವೆ ಅಷ್ಟೇ. ಬಾಗಿಲು ದಾಟಿದ ಮೇಲೆ ಎರಡೂ ಕಡೆಯಿಂದ ಮಡಚುವ ಹೋಸ್‌ಗಳು ಬಂದು ಕವಲು ಕೊಳವೆಯೊಂದರಲ್ಲಿ ಕೂಡುತ್ತವೆ. ಅಲ್ಲಿಂದ ಮುಂದಕ್ಕೆ ಒಂದೇ ಕೊಳವೆ.

ಈ ಗಾಡಿಯಲ್ಲಿ ಬಲಗಡೆಯ ಮಡಚುವ ಹೋಸ್ ಕವಲಿನ ಹತ್ತಿರ ಹರಿದು ಬಾಯ್ಬಿಟ್ಟಿತ್ತು. ಬಲಗಡೆ ಹೇಗೂ ಗಾಳಿ ಬರುತ್ತಿರಲಿಲ್ಲ, ಹರಿದರೆ ಏನು ಎಂದು ಯಾರಿಗಾದರೂ ಅನ್ನಿಸಬಹುದು. ಯೋಚಿಸಿ ನೋಡಿ. ಎಡಗಡೆಯಿಂದ ಬರುವ ಅಷ್ಟಿಷ್ಟು ಬಿಸಿ ಗಾಳಿ ಕವಲಿಗೆ ಬಂದಾಗ ಅದರ ಮುಂದೆ ಎರಡು ದಾರಿ. ಒಂದು, ಎರಡು ಮೀಟರ್‌ಗೂ ಹೆಚ್ಚು ಉದ್ದದ, ತುದಿಯಲ್ಲಿ ತಿರುವು, ಕಿಂಡಿ ಎಲ್ಲ ಇರುವ ಕೊಳವೆ. ಇನ್ನೊಂದು, ಗೇಣುದ್ದದಲ್ಲೇ ಹೊರಗೆ ತೆರೆದುಕೊಳ್ಳುವ ಹರಿದ ಬಾಯಿ. ಗಾಳಿ ಯಾವತ್ತೂ ಸುಲಭದ ದಾರಿ ಹಿಡಿಯುತ್ತದೆ. ಕಷ್ಟಪಟ್ಟು ಬಂದ ಬಿಸಿಯೆಲ್ಲ ಬಲಗಡೆಗೆ ಹಿಮ್ಮುಖವಾಗಿ ಹರಿದು ರಸ್ತೆಗೆ ಹೋಗುತ್ತಿತ್ತು.

ಇದನ್ನು ಯಜಮಾನರಿಗೆ ತೋರಿಸಲು ಎಂಜಿನ್ ಆನ್ ಮಾಡಿ, ಸ್ವಲ್ಪ ರೇಸ್ ಕೊಟ್ಟು, ಹರಿದ ಬಾಯಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿದೆವು. ಪಟ್ಟಿ ಹೊರಗಡೆಗೆ ಪಟಪಟ ಹಾರಿತು. ಅದೇ ಬಾಯಿಯನ್ನು ದಪ್ಪ ಬಟ್ಟೆಯಿಂದ ಮುಚ್ಚಿದ ಕೂಡಲೇ ಮುಂದೆ ಕೂತಿದ್ದ ಹುಡುಗ "ಬಂತು, ಗಾಳಿ ಬಂತು" ಎಂದು ಕೂಗಿದ. ಬಿಸಿ ಅಷ್ಟಿರಲಿಲ್ಲ, ಆದರೆ ಗಾಳಿ ಇತ್ತು. "ಹಾಗಾದ್ರೆ ಡೀಸೆಲ್ ಹೀಟರ್ ಬೇಡ್ವಾ?" ಎಂದರು ಯಜಮಾನರು. ಸದ್ಯಕ್ಕೆ ಬೇಡ ಎಂದೆ.

ಹೀಟರ್ ಬಾಕ್ಸ್‌ಗಳು

ಈಗ ಎಂಜಿನ್ ಇಳಿಸಲೇಬೇಕಿತ್ತು. ಈ ವ್ಯಾನಿನಲ್ಲಿ ಅದು ಹೆದರುವಂಥ ಕೆಲಸವಲ್ಲ. ಬ್ಯಾಟರಿ ಕಳಚಿ, ಪೆಟ್ರೋಲ್ ಪೈಪ್ ಭದ್ರವಾಗಿ ಮುಚ್ಚಿ, ಜಾಕ್ ಮೇಲೆ ಕೂರಿಸಿ ಹಿಂದಕ್ಕೆ ಎಳೆದರೆ ಬರುತ್ತದೆ. ಕಷ್ಟ ಇದ್ದದ್ದು ಹೀಟರ್ ಬಾಕ್ಸ್ ಸಿಲಿಂಡರ್ ಹೆಡ್ಡಿಗೆ ಕೂರುವ ಜಾಗದ ನಟ್‌ಗಳಲ್ಲಿ. ಹೆಡ್ ಅಲ್ಯೂಮಿನಿಯಂ, ನಟ್ ಕೂರುವ ಸ್ಟಡ್ (ತಲೆಯಿಲ್ಲದ ಬೋಲ್ಟ್) ಉಕ್ಕು, ಜೊತೆಗೆ ಐವತ್ತು ವರ್ಷದ ಕಾವು ಮತ್ತು ತುಕ್ಕು. ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆ ಕುಡಿಸಿ, ಬೆಳಿಗ್ಗೆ ನಟ್‌ಗೆ ಬೆಂಕಿ ತೋರಿಸಿ, ಬಿಚ್ಚುವುದರ ಜೊತೆಗೆ ಬಿಗಿಯುವ ಕಡೆಗೂ ಸ್ವಲ್ಪ ಸ್ವಲ್ಪ ಆಡಿಸುತ್ತಾ ಬಿಚ್ಚಿದೆವು. ಒಂದು ಸ್ಟಡ್ ಮಾತ್ರ ಮುರಿಯಿತು.

ಮುರಿದ ಸ್ಟಡ್ಡಿಗೆ ಡ್ರಿಲ್ ಇಡುವವರಿದ್ದಾರೆ. ಉಕ್ಕಿನ ಮೇಲೆ ಇಟ್ಟ ಬಿಟ್ ಜಾರಿ ಮೆತ್ತಗಿನ ಅಲ್ಯೂಮಿನಿಯಂ ಕೊರೆದುಬಿಡುತ್ತದೆ. ನಾವು ಮಾಡಿದ್ದು ಬೇರೆ. ಸ್ಟಡ್ಡಿನ ತುದಿ ಒಂದೆರಡು ಎಳೆಯಷ್ಟು ಹೊರಗಿತ್ತು. ಅದರ ಮೇಲೆ ಸ್ವಲ್ಪ ದೊಡ್ಡ ನಟ್ ಇಟ್ಟು, ನಟ್ಟಿನ ತೂತಿನೊಳಗಿಂದಲೇ ವೆಲ್ಡ್ ತುಂಬಿದೆವು. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ, ಹಾಗಾಗಿ ಹೆಡ್ಡಿಗೆ ಅಂಟುವ ಭಯವಿಲ್ಲ. ವೆಲ್ಡಿಂಗಿನ ಕಾವೇ ಸ್ಟಡ್ಡಿನ ಸುತ್ತಲಿನ ತುಕ್ಕನ್ನು ಸಡಿಲಿಸುತ್ತದೆ. ಕೆಂಪು ಆರಿ, ಬಿಸಿ ಇನ್ನೂ ಇರುವಾಗಲೇ ಸ್ಪ್ಯಾನರ್ ಹಾಕಿ ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ. ಮೊದಲು ಕಿರ್ ಎಂದು ಸಣ್ಣ ಸದ್ದು, ಆಮೇಲೆ ಕಾಲು ಸುತ್ತು, ಆಮೇಲೆ ಸಲೀಸು. ಹೊಸ ಸ್ಟಡ್, ಜಾಯಿಂಟ್ ಸೋರದಂತೆ ನಡುವೆ ಕೂರುವ ಹೊಸ ಗ್ಯಾಸ್ಕೆಟ್, ತಾಮ್ರ ಲೇಪದ ನಟ್ ಹಾಕಿದೆವು. ತಾಮ್ರ ಲೇಪ ಚಂದಕ್ಕಲ್ಲ, ಮುಂದಿನ ಸಲ ಬಿಚ್ಚುವವನಿಗೆ ಉಪಕಾರ.

ಹಳೆ ಗ್ಯಾಸ್ಕೆಟ್ ಬಗ್ಗೆ ಒಂದು ಎಚ್ಚರಿಕೆ. ಆ ಕಾಲದ ಗ್ಯಾಸ್ಕೆಟ್‌ಗಳಲ್ಲಿ, ಬಿಸಿ ತಡೆಯುವ ಹೊದಿಕೆಗಳಲ್ಲಿ ಆಸ್ಬೆಸ್ಟಾಸ್ ಬಳಸುವುದು ಮಾಮೂಲಾಗಿತ್ತು. ಜರ್ಮನಿ ಅದನ್ನು ನಿಷೇಧಿಸಿದ್ದು 1993ರಲ್ಲಿ. ಒಣಗಿದ್ದನ್ನು ಗ್ರೈಂಡರ್ ಹಾಕಿ ಉಜ್ಜಬೇಡಿ, ವೈರ್ ಬ್ರಷ್ ಹಾಕಬೇಡಿ, ಗಾಳಿ ಊದಬೇಡಿ. ನೀರು ಚಿಮುಕಿಸಿ, ಒದ್ದೆ ಇರುವಾಗಲೇ ಕೆರೆದು, ಚೀಲದಲ್ಲಿ ಕಟ್ಟಿ ಬೇರೆ ಇಡಿ. ಬಟ್ಟೆ ಮಾಸ್ಕ್ ಸಾಲದು, ಸರಿಯಾದ ಫಿಲ್ಟರ್ ಇರುವ ಮಾಸ್ಕ್ ಬೇಕು.

ಬಾಕ್ಸ್‌ಗಳು ಕೈಗೆ ಬಂದ ಮೇಲೆ ಮೊದಲು ತೂಕ ನೋಡಿದೆ. ಎಡಗಡೆಯದು ಭಾರ. ಬಲಗಡೆಯದನ್ನು ಎತ್ತಿದರೆ ಖಾಲಿ ಡಬ್ಬದ ಹಾಗೆ ಹಗುರ. ಟಾರ್ಚ್ ಹಾಕಿ ಒಳಗೆ ನೋಡಿದರೆ ಎಡಗಡೆಯದರಲ್ಲಿ ಸಾಲುಸಾಲು ಅಲ್ಯೂಮಿನಿಯಂ ರೆಕ್ಕೆ. ಬಲಗಡೆಯದರಲ್ಲಿ ಬರೀ ನುಣುಪಾದ ಉಕ್ಕಿನ ಕೊಳವೆ. ಯಾವಾಗಲೋ ಅಗ್ಗದ ಬದಲಿ ಪಾರ್ಟ್ ಹಾಕಿದ್ದಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ರೆಕ್ಕೆ ಇಲ್ಲದಿದ್ದರೆ ಗಾಳಿಗೆ ಮುಟ್ಟಲು ಸಿಗುವ ಬಿಸಿ ಜಾಗವೇ ಕಡಿಮೆ. ಗಾಳಿ ಕೊಳವೆಯ ಪಕ್ಕದಲ್ಲಿ ಹಾದುಹೋಗುತ್ತದೆ, ಬಿಸಿಯಾಗುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಹೊಳೆಯುವ ಬಾಕ್ಸ್‌ಗಳೂ ಸಿಗುತ್ತವೆ, ತುಕ್ಕು ಹಿಡಿಯುವುದಿಲ್ಲ ನಿಜ. ಆದರೆ ಅಲ್ಯೂಮಿನಿಯಂ ಸ್ಟೇನ್‌ಲೆಸ್‌ಗಿಂತ ಹತ್ತು ಪಟ್ಟು ಅಥವಾ ಅದಕ್ಕೂ ಜಾಸ್ತಿ ಬಿಸಿ ಸಾಗಿಸುತ್ತದೆ. ಕೊಳ್ಳುವಾಗ ಹೊರಮೈ ಹೊಳಪು ನೋಡಬೇಡಿ, ಒಳಗಿನ ರೆಕ್ಕೆ ಯಾವುದರದ್ದು ಎಂದು ಕೇಳಿ.

ಈ 1600 ಎಂಜಿನ್ನಿಗೆ ಇದು ಇನ್ನೂ ಮುಖ್ಯ. ಇದರಲ್ಲಿ ಪ್ರತಿ ಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಮುಂದಿನದರ ಹೊಗೆ ಮಾತ್ರ ಹೀಟರ್ ಬಾಕ್ಸಿನೊಳಗೆ ಹಾದುಹೋಗುತ್ತದೆ. ಹಿಂದಿನದರ ಹೊಗೆ ನೇರವಾಗಿ ಸೈಲೆನ್ಸರ್‌ಗೆ. ಅಂದರೆ ಹೊಗೆಯ ಅರ್ಧ ಬಿಸಿಯಲ್ಲೇ ಇಡೀ ವ್ಯಾನ್ ಬೆಚ್ಚಗಾಗಬೇಕು. ಇರುವುದೇ ಅರ್ಧ ಎಂದ ಮೇಲೆ ಅದನ್ನು ಹಿಡಿಯುವ ರೆಕ್ಕೆಯನ್ನೂ ಬಿಟ್ಟರೆ ಉಳಿಯುವುದೇನು?

ತೂತು ಹುಡುಕಲು ನಾವು ನೆಚ್ಚಿದ್ದು ನೀರಿನ ತೊಟ್ಟಿ. ಹೊಗೆ ಕೊಳವೆಯ ಒಂದು ಬಾಯಿಗೆ ರಬ್ಬರ್ ಬಿರಡೆ ಬಡಿದು, ಇನ್ನೊಂದು ಬಾಯಿಯಿಂದ ತುಂಬಾ ಕಡಿಮೆ ಒತ್ತಡದ ಗಾಳಿ ಕೊಟ್ಟು, ಬಾಕ್ಸನ್ನು ಪೂರ್ತಿ ಮುಳುಗಿಸಿದೆವು. ಮೊದಲು ರೆಕ್ಕೆಗಳ ನಡುವೆ ಸಿಕ್ಕಿಕೊಂಡಿದ್ದ ಗಾಳಿಯೆಲ್ಲ ಗುಳುಗುಳು ಎಂದು ಬಂತು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಆರುವವರೆಗೆ ಕಾಯಬೇಕು. ನೀರು ತಿಳಿಯಾದ ಮೇಲೂ ಬಲಗಡೆಯ ಬಾಕ್ಸಿನಿಂದ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳ ಸಾಲು ಒಂದೇ ಜಾಗದಿಂದ ನಿಲ್ಲದೆ ಏರುತ್ತಿತ್ತು. ಕೊಳವೆಯನ್ನು ಹೊರಗಿನ ಪೆಟ್ಟಿಗೆಗೆ ಬೆಸೆದ ಜಾಗದ ಒಳಮಗ್ಗುಲಲ್ಲಿ ಬಿರುಕು. ತಲೆನೋವಿನ ಮುಖ್ಯ ಮೂಲ ಅದೇ.

ಬಲಗಡೆ ಫ್ಯಾನಿನ ಹೋಸ್ ಇರಲಿಲ್ಲವಲ್ಲ, ಹೊಗೆ ಕ್ಯಾಬಿನ್ನಿಗೆ ಹೇಗೆ ಬಂತು ಎಂದು ಯಜಮಾನರು ಸರಿಯಾಗಿಯೇ ಕೇಳಿದರು. ಹೊಗೆಯನ್ನು ತಳ್ಳಲು ಫ್ಯಾನ್ ಬೇಕಿಲ್ಲ. ಎಂಜಿನ್ ಹೊಗೆಗೆ ತನ್ನದೇ ಒತ್ತಡ ಇದೆ. ಬಿರುಕಿನಿಂದ ಹೊರಬಂದ ಹೊಗೆ ಬಾಕ್ಸ್ ತುಂಬಿ, ಹೋಸ್ ಇಲ್ಲದ ಬಾಯಿಯಿಂದ ಮೇಲಕ್ಕೆ ಎಂಜಿನ್ ಕೋಣೆಗೆ ಬಂದು ಫ್ಯಾನಿಗೆ ಸಿಗುತ್ತದೆ. ಫ್ಯಾನ್ ಅದನ್ನು ಎಡಗಡೆಯ ದಾರಿಗೂ ತಳ್ಳುತ್ತದೆ. ಎಡಗಡೆಯ ಗಾಳಿ ಬಹುಪಾಲು ಹರಿದ ಹೋಸಿನಲ್ಲಿ ಸೋರಿಹೋಗುತ್ತಿತ್ತು ಎನ್ನುವುದು ಒಂದು ರೀತಿಯಲ್ಲಿ ಅವರ ಪುಣ್ಯ. ಈ ಬಿರುಕು ನೋಡದೆ ಯಾರಾದರೂ ಹೋಸ್‌ಗಳನ್ನು ಮಾತ್ರ ಹೊಸದು ಹಾಕಿಕೊಟ್ಟಿದ್ದರೆ ಹೀಟರ್ ಚೆನ್ನಾಗಿ ಬರುತ್ತಿತ್ತು, ಅದರ ಜೊತೆಗೆ ವಿಷವೂ. ಗಾಳಿ ದಾರಿ ರಿಪೇರಿ ಮಾಡುವ ಮುನ್ನ ಹೊಗೆ ದಾರಿ ಪರೀಕ್ಷೆ ಮಾಡಿ ಎಂದು ನಾನು ಪದೇಪದೇ ಹೇಳುವುದು ಇದಕ್ಕೇ.

ಎಡಗಡೆಯದು ನೀರಿನಲ್ಲಿ ಪಾಸಾಯಿತು. ಅದರ ಹೊರ ತಗಡು ಮಾತ್ರ ತುಕ್ಕು ತಿಂದು ಜಾಲರಿಯಾಗಿತ್ತು. ಹೊರ ತಗಡಿಗೆ ತೇಪೆ ಹಾಕಿ ವೆಲ್ಡ್ ಮಾಡಬಹುದು, ಮಾಡಿದೆವು. ಒಳಗಿನ ಹೊಗೆ ಕೊಳವೆಗೆ ತೇಪೆ ಹಾಕುವ ಕೆಲಸಕ್ಕೆ ನಾನು ಕೈಹಾಕುವುದಿಲ್ಲ. ಒಂದು ಕಡೆ ತೆಳುವಾದ ಕೊಳವೆ ಪಕ್ಕದಲ್ಲೂ ತೆಳುವಾಗಿಯೇ ಇರುತ್ತದೆ. ಬಲಗಡೆಯದನ್ನು ಗುಜರಿಗೆ ಹಾಕಿ, ರೆಕ್ಕೆ ಇರುವ ಹಳೆಯ ಒರಿಜಿನಲ್ ಒಂದನ್ನು ಹುಡುಕಿ, ಅದನ್ನೂ ಮುಳುಗಿಸಿ ನೋಡಿಯೇ ಹಾಕಿದೆವು.

ಹೊಟ್ಟೆಯಡಿಯ ಕೊಳವೆ

ಉದ್ದ ಕೊಳವೆಯ ವಿಷಯ ಬೇಗ ಮುಗಿಸುತ್ತೇನೆ, ಕೆಲಸ ಬೇಸರದ್ದು. ಹೊರಗಿನ ಹೊದಿಕೆ ಕಿತ್ತುಹೋಗಿ ಬರೀ ತಗಡು ಗಾಳಿಗೆ ಒಡ್ಡಿಕೊಂಡಿತ್ತು. ಗಾಡಿ ಓಡುವಾಗ ತಣ್ಣನೆ ಗಾಳಿ ಅದರ ಮೈಮೇಲೆ ಹಾದು, ಬಾಕ್ಸಿನಲ್ಲಿ ಸಿಕ್ಕ ಬಿಸಿಯಲ್ಲಿ ಅರ್ಧಕ್ಕೂ ಜಾಸ್ತಿ ದಾರಿಯಲ್ಲೇ ಕಳೆದುಹೋಗುತ್ತಿತ್ತು. ನಡುವೆ ಒಂದು ಕಡೆ ತುಕ್ಕಿನ ತೂತು. ಒಳಗೆ ಇಲಿ ಗೂಡು: ಸೀಟಿನ ಫೋಮ್, ಕಾಗದ, ಒಣಗಿದ ಹುಲ್ಲು. ಎಳೆದಷ್ಟೂ ಬಂತು. ಗೂಡು ತೆಗೆಯದೆ ಹೀಟರ್ ಜೋರು ಮಾಡಿದ್ದರೆ ವಾಸನೆ ಏನಾಗುತ್ತಿತ್ತು ಎಂದು ಹೇಳಬೇಕಾಗಿಲ್ಲ.

ತೂತಿಗೆ ತಗಡು ಬೆಸೆದು, ತುಕ್ಕು ತಡೆಯುವ ಬಣ್ಣ ಹಚ್ಚಿ, ಗಾಜಿನ ಉಣ್ಣೆ ಸುತ್ತಿ, ಅದರ ಮೇಲೆ ತೆಳು ಅಲ್ಯೂಮಿನಿಯಂ ತಗಡಿನ ಕವಚ ಕೊಟ್ಟೆವು. ಫೋಮ್ ಸುತ್ತಿದರೆ ಸುಲಭ ಅಲ್ವಾ ಎನ್ನುತ್ತಾರೆ. ಎಂಜಿನ್ ಜೋರಾಗಿ ಓಡುವಾಗ ಬಾಕ್ಸ್ ಕಡೆಯ ತುದಿಯ ಗಾಳಿ ಸಾಮಾನ್ಯ ಫೋಮ್ ಕರಗುವಷ್ಟು ಬಿಸಿ ಇರುತ್ತದೆ. ಕವಚದ ತಳದಲ್ಲಿ ಸಣ್ಣ ತೂತುಗಳನ್ನು ಬೇಕೆಂದೇ ಬಿಟ್ಟಿದ್ದೇವೆ. ಮಳೆನೀರು ಹೇಗೂ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರಬೇಕು. ಇಲ್ಲದಿದ್ದರೆ ಒದ್ದೆ ಉಣ್ಣೆ ಹೊಸ ತುಕ್ಕಿಗೆ ತೊಟ್ಟಿಲಾಗುತ್ತದೆ.

ಕೇಬಲ್‌ಗಳಲ್ಲಿ ಒಂದು ಕೊಳವೆಯೊಳಗೇ ತುಕ್ಕು ಹಿಡಿದು ಗಟ್ಟಿಯಾಗಿತ್ತು, ಎರಡನ್ನೂ ಹೊಸದು ಹಾಕಿದೆವು. ಮುಂಭಾಗದಲ್ಲಿ ಗಾಳಿಯನ್ನು ಕಾಲಿಗೂ ಗಾಜಿಗೂ ಹಂಚುವ ಪೆಟ್ಟಿಗೆಯ ಬಾಗಿಲಿನ ಫೋಮ್ ಪುಡಿಯಾಗಿತ್ತು, ಬಿಸಿ ತಡೆಯುವ ಹೊಸ ಪಟ್ಟಿ ಅಂಟಿಸಿದೆವು. ಫ್ಯಾನ್ ಹೋಸ್‌ಗಳು, ಮಡಚುವ ಹೋಸ್‌ಗಳು, ಎಂಜಿನ್ ಕೋಣೆಯ ರಬ್ಬರ್ ಸೀಲ್, ಥರ್ಮೋಸ್ಟಾಟ್ ಎಲ್ಲ ಹೊಸದು. ಇದರಲ್ಲಿ ಯಾವುದೂ ದೊಡ್ಡ ಪಾರ್ಟ್ ಅಲ್ಲ. ಆದರೆ ಒಂದು ಬಿಟ್ಟರೂ ಉಳಿದದ್ದು ದಂಡ.

ಓಡಿಸಿ ನೋಡಿದಾಗ

ಜೋಡಿಸಿದ ಮೇಲೆ ಮೊದಲ ಪರೀಕ್ಷೆ ಬಿಸಿಯದಲ್ಲ, ಮೀಟರಿನದು. ನಿಂತ ಗಾಡಿಯಲ್ಲಿ, ಕಿಟಕಿ ಮುಚ್ಚಿ, ಹೀಟರ್ ಪೂರ್ತಿ ತೆರೆದು, ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಕಾದೆವು. ಗ್ಯಾರೇಜಿನ ಒಳಗಲ್ಲ, ಬಯಲಿನಲ್ಲಿ. ಒಳಗಾದರೆ ಸೈಲೆನ್ಸರ್ ಹೊಗೆಯೇ ತುಂಬಿಕೊಂಡು ಲೆಕ್ಕ ತಪ್ಪುತ್ತದೆ. ಅಂಕಿ ಸೊನ್ನೆ. ಆಮೇಲೆ ರಸ್ತೆಯಲ್ಲಿ, ಏರಿನಲ್ಲಿ ಎಂಜಿನ್ನಿಗೆ ಭಾರ ಬಿದ್ದಾಗ ಮತ್ತೆ ನೋಡಿದೆವು. ನಿಂತಿರುವಾಗ ಕಾಣದ ಸೋರಿಕೆ ಭಾರ ಬಿದ್ದಾಗ ಕಾಣುವುದುಂಟು. ಆಗಲೂ ಸೊನ್ನೆ.

ಹೆದ್ದಾರಿಯ ವೇಗದಲ್ಲಿ ಕಾಲ ಬುಡದ ಗಾಳಿ ಕೈಯಿಟ್ಟರೆ ಸಾಕು ಅನ್ನಿಸುವಷ್ಟು ಬಿಸಿ ಇತ್ತು. ಗಾಜಿನ ಮಂಜು ಕೆಳಗಿನಿಂದ ಮೇಲಕ್ಕೆ ನಿಧಾನಕ್ಕೆ ಬಿಟ್ಟುಕೊಂಡಿತು. ಯಜಮಾನರು ಬಟ್ಟೆ ಕೆಳಗಿಟ್ಟರು. ಆದರೆ ಸಿಗ್ನಲ್‌ನಲ್ಲಿ ನಿಂತ ಕೂಡಲೇ ಗಾಳಿ ಕುಸಿಯಿತು. "ಇದೇನು, ಮತ್ತೆ ಹೋಯ್ತಾ?" ಎಂದು ಗಾಬರಿಯಾದರು. ಹೋಗಿಲ್ಲ, ಇದು ಹೀಗೇ. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ, ಹೊಗೆಯ ಬಿಸಿಯೂ ಕಡಿಮೆ. ಗಾಳಿ, ಬಿಸಿ ಎರಡೂ ಒಂದೇ ಸಲ ಇಳಿಯುತ್ತವೆ. ಟ್ರಾಫಿಕ್ಕಿನಲ್ಲಿ ಈ ಹೀಟರ್ ಯಾವತ್ತೂ ಬಡವ.

ಇದಕ್ಕೆ ಹೋಸಿನ ನಡುವೆ ಒಂದು ಸಣ್ಣ ಎಲೆಕ್ಟ್ರಿಕ್ ಬ್ಲೋವರ್ ಕೂರಿಸುವವರಿದ್ದಾರೆ. ಮುಂದೆ ಬಂದ ದೊಡ್ಡ ಎಂಜಿನ್ನಿನ ಮಾದರಿಗಳಲ್ಲಿ ಕಂಪನಿಯೇ ಅಂಥ ಬ್ಲೋವರ್ ಕೊಟ್ಟಿತ್ತು, ಹಾಗಾಗಿ ಯೋಚನೆ ಕೆಟ್ಟದ್ದೇನಲ್ಲ. ಆದರೆ ಹೋಸಿನ ನಡುವೆ ಕೂತ ಬ್ಲೋವರ್ ಆಫ್ ಇದ್ದಾಗ ದಾರಿಗೆ ಅಡ್ಡವಾಗುತ್ತದೆ, ಹೆದ್ದಾರಿಯಲ್ಲಿ ಸಿಗುತ್ತಿದ್ದ ಗಾಳಿಯನ್ನು ತಾನೇ ತಡೆಯುತ್ತದೆ. ಜೊತೆಗೆ ಹಳೆ ಡೈನಮೋ ಐಡಲ್‌ನಲ್ಲಿ ಕೊಡುವ ಕರೆಂಟ್ ಕಡಿಮೆ. ಹೆಡ್‌ಲೈಟ್, ವೈಪರ್, ಬ್ಲೋವರ್ ಮೂರೂ ಒಟ್ಟಿಗೆ ಓಡಿದರೆ ಬ್ಯಾಟರಿಯೇ ಹೊರೆ ಹೊರಬೇಕು. ಒಂದು ಚಳಿಗಾಲ ಹೀಗೇ ಓಡಿಸಿ, ಬೇಕೇಬೇಕು ಅನ್ನಿಸಿದರೆ ಆಮೇಲೆ ನೋಡೋಣ ಎಂದು ಬಿಟ್ಟೆವು.

ಡೀಸೆಲ್ ಹೀಟರ್ ಪ್ರಶ್ನೆ ಪೂರ್ತಿ ಮುಗಿದಿಲ್ಲ. ಯಜಮಾನರು ಗಾಡಿಯಲ್ಲೇ ರಾತ್ರಿ ಮಲಗುವವರು. ಎಂಜಿನ್ ನಿಂತರೆ ಈ ಹೀಟರ್ ಕೂಡ ನಿಲ್ಲುತ್ತದೆ. ಬೆಚ್ಚಗಿರಲಿ ಎಂದು ಎಂಜಿನ್ ಆನ್ ಮಾಡಿ ಮಲಗುವುದು ಎಷ್ಟೇ ಹೊಸ ಹೀಟರ್ ಬಾಕ್ಸ್ ಇದ್ದರೂ ಮಾಡಬಾರದ ಕೆಲಸ. ನಿಂತ ಗಾಡಿಯ ಅಡಿಯಲ್ಲಿ ಹೊಗೆ ಶೇಖರವಾಗುತ್ತದೆ. ರಾತ್ರಿಗೆ ಬಿಸಿ ಬೇಕೆಂದರೆ ಬೇರೆ ಹೀಟರ್ ಬೇಕು, ಅದು ನ್ಯಾಯವಾದ ಬೇಡಿಕೆ. ಆಗ ಅದರ ಹೊಗೆ ಪೈಪನ್ನು ಗಾಡಿಯ ಅಂಚಿನಾಚೆಗೆ ಒಯ್ಯಬೇಕು, ಕಿಟಕಿಯ ಕೆಳಗೆ ಬಿಡಬಾರದು. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ತೆಗೆದುಕೊಳ್ಳಬೇಕು. ಹಳೆಯ ಅಲಾರಂ ಅವಧಿ ಮುಗಿದಿತ್ತು. ಅದರೊಳಗಿನ ಸೆನ್ಸರ್‌ಗೂ ಆಯಸ್ಸಿದೆ, ಡಬ್ಬಿಯ ಹಿಂದೆ ತಾರೀಖು ಬರೆದಿರುತ್ತದೆ. ಅದರ ಜಾಗಕ್ಕೆ ಕ್ಯಾಂಪರ್ ಗಾಡಿಗಳಿಗೆಂದೇ ಇರುವ ಇಎನ್ 50291-2 ಗುರುತಿನದನ್ನು ಮಲಗುವ ಜಾಗದ ಹತ್ತಿರ ಹಾಕಿಕೊಟ್ಟೆವು.

ಚಳಿ ಶುರುವಾಗುವ ಮುನ್ನ ಪ್ರತಿ ವರ್ಷ ನೋಡಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದು ಎಂಜಿನ್ ಮುಚ್ಚಳದ ಒಳಗೆ ಅಂಟಿಸಿದ್ದೇವೆ: ಹೆಡ್ಡಿನ ಮತ್ತು ಸೈಲೆನ್ಸರ್ ಜಾಯಿಂಟ್‌ಗಳಲ್ಲಿ ಮಸಿ ಇದೆಯೇ, ಫ್ಯಾನ್ ಹೋಸ್‌ಗಳ ಕ್ಲಾಂಪ್ ಬಿಗಿ ಇದೆಯೇ, ರಬ್ಬರ್ ಸೀಲ್ ಜಾಗದಲ್ಲಿದೆಯೇ, ಲಿವರ್ ಮುಚ್ಚಿದಾಗ ಎರಡೂ ಬಾಗಿಲು ಪೂರ್ತಿ ಮುಚ್ಚುತ್ತವೆಯೇ. ಆಮೇಲೆ ಮೀಟರ್. ಎಡಗಡೆಯ ಬಾಕ್ಸಿನ ತೇಪೆ ಎಷ್ಟು ವರ್ಷ ಬಾಳುತ್ತದೋ ನೋಡಬೇಕು. ಹಳೆ ತಗಡಿಗೆ ಹೊಸ ತಗಡು ಬೆಸೆದ ಅಂಚಿನಲ್ಲೇ ತುಕ್ಕು ಮೊದಲು ಬರುವುದು. ರೆಕ್ಕೆ ಇರುವ ಇನ್ನೊಂದು ಎಡಗಡೆಯ ಬಾಕ್ಸ್ ಸಿಕ್ಕರೆ ತೆಗೆದಿಡಿ ಎಂದು ಯಜಮಾನರು ಹೇಳಿಹೋಗಿದ್ದಾರೆ, ಹುಡುಕುತ್ತಿದ್ದೇನೆ.